ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್: ಕೀಮೋದಲ್ಲಿ ಕಾರ್ಬೋಪ್ಲಾಟಿನ್ ಎಲ್ಲರಿಗೂ ಬೇಕೆ?

ಬಯಾಪ್ಸಿ ರಿಪೋರ್ಟಿನಲ್ಲಿ ಈಆರ್, ಪಿಆರ್ (ಹಾರ್ಮೋನ್ ಹಿಡಿಯುವ ಎರಡು ಗ್ರಾಹಕಗಳು), ಹರ್-2 (ಗಡ್ಡೆ ಬೆಳೆಸುವ ಒಂದು ಪ್ರೋಟೀನು) ಮೂರೂ ನೆಗೆಟಿವ್ ಎಂದು ಬಂದರೆ ಹಾರ್ಮೋನ್ ಮಾತ್ರೆ ನಾಟುವುದಿಲ್ಲ, ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ನಿಗೂ ಅಲ್ಲಿ ಕೆಲಸವಿಲ್ಲ. ಔಷಧಿಗಳಲ್ಲಿ ಮುಖ್ಯವಾಗಿ ಉಳಿಯುವುದು ಕೀಮೋ. ಗಡ್ಡೆ 2 ಸೆಂ.ಮೀ. ದಾಟಿದ್ದರೆ ಅಥವಾ ಕಂಕುಳಿಗೆ ಹರಡಿದ್ದರೆ ಆಪರೇಷನ್ನಿಗೆ ಮೊದಲೇ ಕೀಮೋ ಶುರು ಮಾಡುವುದು ಈಗಿನ ಕ್ರಮ. ರೂಢಿಯ ಕೋರ್ಸಿನಲ್ಲಿ ಎರಡು ಭಾಗ: ಡಾಕ್ಸೊರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್ (ಒಟ್ಟಿಗೆ 'ಎಸಿ' ಅನ್ನುತ್ತಾರೆ) ನಾಲ್ಕು ಸುತ್ತು, ಪ್ಯಾಕ್ಲಿಟ್ಯಾಕ್ಸೆಲ್ ವಾರಕ್ಕೊಂದರಂತೆ 12. ಇದರ ಜೊತೆಗೆ ಕಾರ್ಬೋಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧಿಯನ್ನು ಎಲ್ಲರಿಗೂ ಸೇರಿಸಬೇಕೆ? ಕೋಲಾರ ಜಿಲ್ಲೆಯ ರೋಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಬ್ಬರ ವಾದ ಇಲ್ಲಿದೆ.

ಪರ: ಕಡಿಮೆ ಬೆಲೆಯ ಔಷಧಿ, ನಮ್ಮದೇ ದೇಶದ ಪುರಾವೆ

ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಅಮೆರಿಕ, ಜರ್ಮನಿಗೆ ಹೋಗಬೇಕಾಗಿಲ್ಲ. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ 2010ರಿಂದ ಸುಮಾರು ಹತ್ತು ವರ್ಷ 720 ಮಹಿಳೆಯರನ್ನು ಸೇರಿಸಿಕೊಂಡು ಒಂದು ಪ್ರಯೋಗ ನಡೆಯಿತು. ಅರ್ಧ ಜನಕ್ಕೆ ಎಂಟು ವಾರ ಪ್ಯಾಕ್ಲಿಟ್ಯಾಕ್ಸೆಲ್ ಮಾತ್ರ, ಉಳಿದರ್ಧಕ್ಕೆ ಅದರ ಜೊತೆ ವಾರವಾರವೂ ಎಯುಸಿ (ಮೈಯೊಳಗೆ ಒಟ್ಟು ಎಷ್ಟು ಔಷಧಿ ಸಿಗಬೇಕು ಎಂಬ ಗುರಿ) 2ರ ಲೆಕ್ಕದಲ್ಲಿ ಕಾರ್ಬೋಪ್ಲಾಟಿನ್. ಆಮೇಲೆ ಇಬ್ಬರಿಗೂ 21 ದಿನಕ್ಕೊಮ್ಮೆ ನಾಲ್ಕು ಸುತ್ತು ಎಸಿ ಅಥವಾ ಅದೇ ಬಗೆಯ ಔಷಧಿ, ನಂತರ ಆಪರೇಷನ್. ಫಲಿತಾಂಶ 2022ರಲ್ಲಿ ಬಂತು. ತೆಗೆದ ಸ್ತನದಲ್ಲೂ ಕಂಕುಳಿನಲ್ಲೂ ಕ್ಯಾನ್ಸರ್ ಪೂರ್ತಿ ಕರಗಿಹೋಗಿದ್ದವರು ಹಳೆಯ ಕೋರ್ಸಿನಲ್ಲಿ ಶೇ. 40.3, ಕಾರ್ಬೋಪ್ಲಾಟಿನ್ ಸೇರಿಸಿದಾಗ ಶೇ. 54.5. ಐದು ವರ್ಷಕ್ಕೆ ಬದುಕಿದ್ದವರು ಶೇ. 66.8ರಿಂದ 74.4ಕ್ಕೆ ಏರಿದರು. ಐವತ್ತು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಈ ಏರಿಕೆ ಶೇ. 65.7ರಿಂದ 77.1ಕ್ಕೆ. ನೂರು ಜನ ತರುಣಿಯರಲ್ಲಿ ಹನ್ನೊಂದು ಜೀವ ಹೆಚ್ಚು. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ಕೊಡುವ ಔಷಧಿ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅಪರೂಪ.

ನಮ್ಮಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಿಗಿಂತ ಚಿಕ್ಕ ವಯಸ್ಸಿಗೇ ಬರುತ್ತದೆ. ಎಂದರೆ ಹೆಚ್ಚು ಲಾಭ ಪಡೆಯುವ ಗುಂಪೇ ಇಲ್ಲಿ ದೊಡ್ಡದು. ಮರುಕಳಿಸಿದರೆ ಬಹುಪಾಲು ಮೊದಲ ಮೂರು ವರ್ಷದಲ್ಲೇ, ಅದೂ ಶ್ವಾಸಕೋಶ, ಯಕೃತ್ತು, ಮೆದುಳಿಗೆ. ಆಗ 'ಇನ್ನೊಂದು ಔಷಧಿ ನೋಡೋಣ' ಅನ್ನುವುದಕ್ಕೆ ಹೆಚ್ಚು ದಾರಿ ಇರುವುದಿಲ್ಲ. ಇರುವ ಬಲವನ್ನೆಲ್ಲ ಮೊದಲ ಆರು ತಿಂಗಳಲ್ಲೇ ಬಳಸಬೇಕು.

ಇಮ್ಯುನೋಥೆರಪಿಯ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಛೂ ಬಿಡುವ ಚಿಕಿತ್ಸೆಯ) ಮಾತು ಬಂದೇ ಬರುತ್ತದೆ. ಪೆಂಬ್ರೊಲಿಜುಮ್ಯಾಬ್ ಸೇರಿಸಿದರೆ ಫಲಿತಾಂಶ ಇನ್ನೂ ಸುಧಾರಿಸುತ್ತದೆ, ನಿಜ. ಅದನ್ನು ತೋರಿಸಿದ ದೊಡ್ಡ ಪ್ರಯೋಗದಲ್ಲಿ ಎರಡೂ ಗುಂಪಿಗೂ ಕಾರ್ಬೋಪ್ಲಾಟಿನ್ ಕೊಟ್ಟೇ ಇದ್ದರು ಅನ್ನುವುದನ್ನು ಮರೆಯಬಾರದು. ಪೆಂಬ್ರೊಲಿಜುಮ್ಯಾಬ್‌ನ ಬೆಲೆ ಲಕ್ಷಗಳಲ್ಲಿದೆ, ಮುಳಬಾಗಿಲಿನ ಟೊಮೆಟೊ ಕೂಲಿಯ ಕುಟುಂಬಕ್ಕೆ ನಿಲುಕುವುದಲ್ಲ. ಕಾರ್ಬೋಪ್ಲಾಟಿನ್ ಪೇಟೆಂಟ್ ಮುಗಿದ ಔಷಧಿ. 150 ಮತ್ತು 450 ಮಿ.ಗ್ರಾಂ. ಬಾಟಲಿಗಳಲ್ಲಿ ಹಲವು ಕಂಪನಿಗಳದ್ದು ಸಿಗುತ್ತದೆ, ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ.

ಇನ್ನು ಡೋಸು. ಪ್ಯಾಕ್ಲಿಟ್ಯಾಕ್ಸೆಲ್‌ಗೆ ದೇಹದ ಮೇಲ್ಮೈ ನೋಡಿದರೆ, ಕಾರ್ಬೋಪ್ಲಾಟಿನ್‌ಗೆ ಮೂತ್ರಪಿಂಡದ ಸೋಸುವ ಶಕ್ತಿಯನ್ನು ನೋಡುತ್ತಾರೆ. ಸೋಸುವ ಪ್ರಮಾಣಕ್ಕೆ 25 ಕೂಡಿಸಿ, ಬಂದದ್ದನ್ನು ಎಯುಸಿಯಿಂದ ಗುಣಿಸಬೇಕು. 45 ವರ್ಷ, 52 ಕೆ.ಜಿ., ಕ್ರಿಯಾಟಿನಿನ್ (ಸ್ನಾಯುವಿನಿಂದ ಬಂದು ಮೂತ್ರಪಿಂಡ ಸೋಸಿ ಹಾಕುವ ರಕ್ತದ ತ್ಯಾಜ್ಯ) 0.7 ಇರುವ ಮಹಿಳೆಯ ಲೆಕ್ಕ ಹೀಗೆ: 140ರಲ್ಲಿ ವಯಸ್ಸು ಕಳೆದು 95, ಅದಕ್ಕೆ 52ರ ಗುಣಾಕಾರ, 72 ಮತ್ತು 0.7ರ ಗುಣಲಬ್ಧದಿಂದ ಭಾಗಾಕಾರ, ಹೆಂಗಸಾದ್ದರಿಂದ 0.85ರ ಗುಣಾಕಾರ. ಸೋಸುವ ಪ್ರಮಾಣ ಸುಮಾರು 83 ಬರುತ್ತದೆ. 25 ಕೂಡಿಸಿ ಎರಡರಿಂದ ಗುಣಿಸಿದರೆ ವಾರಕ್ಕೆ ಸುಮಾರು 217 ಮಿ.ಗ್ರಾಂ. ಇಲ್ಲೇ ಒಂದು ಬಲೆ ಇದೆ. ಬಡಕಲು ಮೈಯವರಲ್ಲಿ ಸ್ನಾಯು ಕಡಿಮೆ, ಹಾಗಾಗಿ ಕ್ರಿಯಾಟಿನಿನ್ 0.4 ಎಂದು ಬರಬಹುದು. ಅದನ್ನೇ ಹಾಕಿದರೆ ಇದೇ ಮಹಿಳೆಗೆ 340 ಮಿ.ಗ್ರಾಂ. ದಾಟುತ್ತದೆ! ಮೂತ್ರಪಿಂಡವೇನೂ ಹೆಚ್ಚು ಸೋಸುತ್ತಿರುವುದಿಲ್ಲ, ಮೋಸ ಮಾಡಿದ್ದು ಲೆಕ್ಕ. ಅದಕ್ಕೇ ಕ್ರಿಯಾಟಿನಿನ್ 0.7ಕ್ಕಿಂತ ಕೆಳಗಿದ್ದರೂ 0.7 ಎಂದೇ ಹಿಡಿಯುವುದು, ಸೋಸುವ ಪ್ರಮಾಣವನ್ನು 125ಕ್ಕಿಂತ ಮೇಲೆ ಒಯ್ಯದಿರುವುದು ಒಳ್ಳೆಯ ಅಭ್ಯಾಸ. ಕಾರ್ಬೋಪ್ಲಾಟಿನ್‌ನಿಂದ 'ಕೌಂಟ್ (ರಕ್ತಕಣಗಳ ಸಂಖ್ಯೆ) ಬಿದ್ದುಹೋಯಿತು' ಎಂಬ ದೂರುಗಳಲ್ಲಿ ಒಂದಷ್ಟು ಈ ಲೆಕ್ಕದಲ್ಲೇ ಹುಟ್ಟಿದವು.

ಮೂರು ವಾರಕ್ಕೊಮ್ಮೆ ಎಯುಸಿ 5 ಅಥವಾ 6 ಕೊಡುವ ಬದಲು ವಾರವಾರ 1.5ರಿಂದ 2 ಕೊಟ್ಟರೆ ಕಾಟ ಕಡಿಮೆ, ಕೌಂಟ್ ಇಳಿದ ವಾರ ನಿಲ್ಲಿಸುವುದಕ್ಕೂ ಸುಲಭ. ಪ್ಯಾಕ್ಲಿಟ್ಯಾಕ್ಸೆಲ್‌ಗೆಂದು ರೋಗಿ ಹೇಗೂ ವಾರಕ್ಕೊಮ್ಮೆ ಬರುತ್ತಾರೆ. ಮೊದಲು ಅದು ಒಂದು ಗಂಟೆ, ನಂತರ ಕಾರ್ಬೋಪ್ಲಾಟಿನ್ ಅರ್ಧದಿಂದ ಒಂದು ಗಂಟೆ. ಹೆಚ್ಚಿನ ಓಡಾಟವಿಲ್ಲ, ಇನ್ನೊಂದು ಬಸ್ ಚಾರ್ಜಿಲ್ಲ. ರಕ್ತಪರೀಕ್ಷೆಯನ್ನು ಹಿಂದಿನ ದಿನವೇ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿಸಿ ರಿಪೋರ್ಟನ್ನು ವಾಟ್ಸಾಪಿನಲ್ಲಿ ಕಳಿಸಿದರೆ, ಬಂದು ಬರಿಗೈಯಲ್ಲಿ ವಾಪಸ್ ಹೋಗುವುದೂ ತಪ್ಪುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. 2025ರಿಂದ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳೂ ಶುರುವಾಗಿವೆ; ಪ್ರತಿ ವಾರ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೇ ಓಡಬೇಕಾದ ಪರಿಸ್ಥಿತಿ ನಿಧಾನಕ್ಕೆ ಬದಲಾಗುತ್ತಿದೆ.

ಅಡ್ಡಪರಿಣಾಮ ಇಲ್ಲವೆಂದಲ್ಲ. ಆದರೆ ಅವುಗಳಲ್ಲಿ ಮುಖ್ಯವಾದವು ರಕ್ತದ ರಿಪೋರ್ಟಿನಲ್ಲಿ ಮುಂಚೆಯೇ ಕಾಣುವಂಥವು, ತಡೆಯಬಹುದಾದಂಥವು. ಮರುಕಳಿಸಿದ ಕ್ಯಾನ್ಸರ್ ಹಾಗೆ ಹೇಳಿಕೇಳಿ ಬರುವುದಿಲ್ಲ.

ವಿರೋಧ: 'ಎಲ್ಲರಿಗೂ' ಅನ್ನುವ ಮಾತೇ ತಪ್ಪು

ಅದೇ ಟಾಟಾ ಪ್ರಯೋಗವನ್ನು ಪೂರ್ತಿ ಓದೋಣ. ಐವತ್ತು ದಾಟಿದವರಿಗೆ ಕಾರ್ಬೋಪ್ಲಾಟಿನ್‌ನಿಂದ ಬದುಕಿನ ಲಾಭ ಕಾಣಲಿಲ್ಲ. ಒಟ್ಟು ಗುಂಪಿನಲ್ಲಿ ರೋಗ ಮರುಕಳಿಸದೆ ಐದು ವರ್ಷ ಕಳೆದವರು ಶೇ. 64.1ರಿಂದ 70.7ಕ್ಕೆ ಏರಿದರೂ, ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ, ಎಂದರೆ ಅದು ಬರೀ ಆಕಸ್ಮಿಕವೂ ಇರಬಹುದು. ಒಟ್ಟು ಬದುಕುಳಿದವರ ಲೆಕ್ಕವೂ ಗೆರೆಯ ಹತ್ತಿರ ಬಂದು ನಿಂತಿತು. ಅಮೆರಿಕದ ಸಿಎಎಲ್‌ಜಿಬಿ 40603 ಪ್ರಯೋಗದಲ್ಲೂ ಗಡ್ಡೆ ಕರಗಿದ ಪ್ರಮಾಣ ಶೇ. 41ರಿಂದ 54ಕ್ಕೆ ಏರಿತು. ಮರುಕಳಿಸುವಿಕೆ ಮಾತ್ರ ಇಳಿಯಲಿಲ್ಲ. ಗಡ್ಡೆ ಕರಗುವುದು ಬೇರೆ, ಆಯಸ್ಸು ಹೆಚ್ಚುವುದು ಬೇರೆ. ಐವತ್ತರ ಒಳಗಿನವರ ವಿಷಯದಲ್ಲಿ ನನಗೆ ಹೆಚ್ಚು ತಕರಾರಿಲ್ಲ. ಶ್ರೀನಿವಾಸಪುರದ 58ರ ಸಕ್ಕರೆ ಕಾಯಿಲೆಯ ತಾಯಿಗೂ ಅದೇ ಚೀಟಿ ಬರೆಯುವುದಕ್ಕೆ ತಕರಾರಿದೆ.

ಬಿಆರ್‌ಸಿಎ (ವಂಶದಲ್ಲಿ ಸ್ತನ ಕ್ಯಾನ್ಸರ್ ತರುವ ಜೀನ್ ದೋಷ) ಪಾಸಿಟಿವ್ ಬಂದರೆ ಪ್ಲಾಟಿನಂ (ಕಾರ್ಬೋಪ್ಲಾಟಿನ್, ಸಿಸ್‌ಪ್ಲಾಟಿನ್ ಗುಂಪಿನ ಔಷಧಿ) ಕಡ್ಡಾಯ ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ಬಿಆರ್‌ಸಿಎ ದೋಷವಿರುವವರಲ್ಲೇ ಸಿಸ್‌ಪ್ಲಾಟಿನ್ ಒಂದನ್ನೇ ಎಸಿಯ ಎದುರು ನಿಲ್ಲಿಸಿ ನೋಡಿದಾಗ ಸಿಸ್‌ಪ್ಲಾಟಿನ್ ಗೆಲ್ಲಲಿಲ್ಲ.

ಈಗ ಕೌಂಟಿನ ವಿಷಯ. ಪ್ರಯೋಗ ನಡೆಯುವುದು ದೊಡ್ಡ ಆಸ್ಪತ್ರೆಯಲ್ಲಿ, ಜ್ವರ ಬರುವುದು ಹಳ್ಳಿಯ ಮನೆಯಲ್ಲಿ ರಾತ್ರಿ. ಬಿಳಿ ರಕ್ತಕಣ ಕುಸಿದಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಒಂದು ಗಂಟೆ ನಿಂತರೂ ತುರ್ತು ಪರಿಸ್ಥಿತಿ. ಆಸ್ಪತ್ರೆಗೆ ಕಾಲಿಟ್ಟ ಒಂದು ಗಂಟೆಯೊಳಗೆ ನರಕ್ಕೆ ಆಂಟಿಬಯಾಟಿಕ್ ಹೋಗಬೇಕು. ನಡೆಯುವುದೇನು? ಡೋಲೋ ನುಂಗಿಸುತ್ತಾರೆ, ಜ್ವರ ಬಿಡುತ್ತದೆ, ಬೆಳಿಗ್ಗೆ ನೋಡೋಣ ಎಂದು ಮಲಗುತ್ತಾರೆ. ಸೋಂಕು ಮಲಗಿರುವುದಿಲ್ಲ, ಬೆಳಗಾಗುವಷ್ಟರಲ್ಲಿ ಬಿಪಿ ಕುಸಿದಿರುತ್ತದೆ. ಹತ್ತಿರದ ಕ್ಲಿನಿಕ್ಕಿನಲ್ಲಿ 'ಕೀಮೋ ನಡೀತಿದೆ' ಎಂದು ಹೇಳದೆ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಂಡು ಬರುವುದು ಇನ್ನೊಂದು ಅಪಾಯ, ಪ್ಲೇಟ್‌ಲೆಟ್ (ರಕ್ತ ಸೋರುವುದನ್ನು ನಿಲ್ಲಿಸುವ ಕಣ) ಕಡಿಮೆಯಿದ್ದರೆ ಅಲ್ಲೇ ಒಳಗೆ ರಕ್ತ ಸೋರಿ ಬಾವು ಬರುತ್ತದೆ.

ಕೌಂಟ್ ಏರಿಸುವ ಇಂಜೆಕ್ಷನ್ ಇದೆಯಲ್ಲ ಅನ್ನುತ್ತಾರೆ. ಒಂದೇ ಸಲ ಹಾಕುವ 6 ಮಿ.ಗ್ರಾಂ. ಪೆಗ್‌ಫಿಲ್‌ಗ್ರಾಸ್ಟಿಮ್ ಹಾಕಿದ ಮೇಲೆ ಮುಂದಿನ ಕೀಮೋಗೆ 14 ದಿನ ಅಂತರ ಬೇಕು, ವಾರದ ಕೋರ್ಸಿಗೆ ಹೊಂದುವುದೇ ಇಲ್ಲ. ಉಳಿದದ್ದು 300 ಮೈಕ್ರೋಗ್ರಾಂ ಫಿಲ್‌ಗ್ರಾಸ್ಟಿಮ್, ಎರಡು ಮೂರು ದಿನ ದಿನಕ್ಕೊಂದು. ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು, ಕೀಮೋ ಮುಗಿದ 24 ಗಂಟೆ ಕಳೆಯದೆ ಹಾಕಬಾರದು, ಹಾಕುವವರು ಬೇಕು. ಕರೆಂಟು ಹೋಗಿ ಬರುವ ಊರಿನಲ್ಲಿ ಫ್ರಿಜ್ಜಿನ ಮೇಲೆ ಎಷ್ಟು ನೆಚ್ಚಿಕೊಳ್ಳುವುದು? ಐಸ್ ಪ್ಯಾಕಿನ ಫ್ಲಾಸ್ಕಿನಲ್ಲಿ ಒಯ್ದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕಿಸಿಕೊಳ್ಳಬಹುದು, ಆ ಏರ್ಪಾಟನ್ನು ಯಾರಾದರೂ ಮೊದಲೇ ಮಾಡಿದ್ದರೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ, ಅದರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಶುರುವಿಗೇ ಹಿಮೋಗ್ಲೋಬಿನ್ 9 ಇರುವ ಮಹಿಳೆಗೆ ಕಾರ್ಬೋಪ್ಲಾಟಿನ್ ಸೇರಿಸಿದರೆ ನಾಲ್ಕೈದನೇ ವಾರಕ್ಕೆ 7ಕ್ಕೆ ಇಳಿದು ರಕ್ತ ಹಾಕಿಸಬೇಕಾಗಬಹುದು. ಒಂದು ವಾರ ಪ್ಲೇಟ್‌ಲೆಟ್ ಇಲ್ಲ, ಇನ್ನೊಂದು ವಾರ ಬಿಳಿಕಣ ಇಲ್ಲ ಎಂದು ಕೋರ್ಸು ಮುಂದೆ ಹೋಗುತ್ತದೆ. ಸುಸ್ತಾದ ರೋಗಿಗೆ ಎಸಿಯ ನಾಲ್ಕು ಸುತ್ತು ಮುಗಿಸುವ ತ್ರಾಣವೇ ಉಳಿಯುವುದಿಲ್ಲ. ಖಚಿತವಾಗಿ ಕೆಲಸ ಮಾಡುವ ಔಷಧಿ ಕಡಿಮೆಯಾಗಿ, ಬಹುಶಃ ಕೆಲಸ ಮಾಡುವ ಔಷಧಿ ಹೆಚ್ಚಾದಂತಾಯಿತು.

ಅಂಥವರಿಗೆ ನಾನು ಹೇಳುವ ದಾರಿ ಬೇರೆ. ಹೃದಯದ ಎಕೋ ಸರಿಯಿದ್ದರೆ ಎಸಿಯನ್ನು ಮೂರು ವಾರದ ಬದಲು ಎರಡು ವಾರಕ್ಕೊಮ್ಮೆ ಕೊಡಿ: ಚದರ ಮೀಟರಿಗೆ ಡಾಕ್ಸೊರುಬಿಸಿನ್ 60, ಸೈಕ್ಲೋಫಾಸ್ಫಮೈಡ್ 600 ಮಿ.ಗ್ರಾಂ. ಇಲ್ಲಿ 14 ದಿನದ ಅಂತರಕ್ಕೆ ಪೆಗ್‌ಫಿಲ್‌ಗ್ರಾಸ್ಟಿಮ್ ಸರಿಯಾಗಿ ಕೂರುತ್ತದೆ. 2019ರಲ್ಲಿ ಪ್ರಕಟವಾದ ಸಾವಿರಾರು ಮಹಿಳೆಯರ ಒಟ್ಟು ವಿಶ್ಲೇಷಣೆಯಲ್ಲಿ ಹೀಗೆ ಒತ್ತಾಗಿ ಕೊಟ್ಟ ಕೀಮೋ ಹತ್ತು ವರ್ಷದ ಮರುಕಳಿಕೆಯನ್ನು ಶೇ. 31.4ರಿಂದ 28ಕ್ಕೆ ಇಳಿಸಿತು. ನಂತರ ಪ್ಯಾಕ್ಲಿಟ್ಯಾಕ್ಸೆಲ್ ಚದರ ಮೀಟರಿಗೆ 80 ಮಿ.ಗ್ರಾಂ.ನಂತೆ 12 ವಾರ, ಒಂದೂ ತಪ್ಪದೆ. ಆಪರೇಷನ್ನಿನಲ್ಲಿ ಕ್ಯಾನ್ಸರ್ ಉಳಿದಿರುವುದು ಕಂಡರೆ ಕ್ಯಾಪೆಸಿಟಬಿನ್ ಮಾತ್ರೆ ಆರರಿಂದ ಎಂಟು ಸುತ್ತು, 14 ದಿನ ನುಂಗಿ ಏಳು ದಿನ ಬಿಡುವು. ಜಪಾನ್ ಮತ್ತು ಕೊರಿಯಾದ ಪ್ರಯೋಗದಲ್ಲಿ ಟ್ರಿಪಲ್ ನೆಗೆಟಿವ್ ರೋಗಿಗಳು ಐದು ವರ್ಷ ಬದುಕುವ ಪ್ರಮಾಣವನ್ನು ಅದು ಶೇ. 70.3ರಿಂದ 78.8ಕ್ಕೆ ಏರಿಸಿತು. ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಸುಲಿದರೆ ಮಾತ್ರೆ ನಿಲ್ಲಿಸಿ, ಕಡಿಮೆಯಾದ ಮೇಲೆ ಡೋಸು ಇಳಿಸಿ ಕೊಡಬೇಕು, ಬೇಧಿ ಹೆಚ್ಚಾದರೆ ಆ ದಿನವೇ ಮಾತ್ರೆ ನಿಲ್ಲಿಸಬೇಕು. ಹೊಲದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕು.

ಐವತ್ತರೊಳಗಿನವರು, ಕಂಕುಳಿಗೆ ಹರಡಿರುವವರು, ಹಿಮೋಗ್ಲೋಬಿನ್ 10 ದಾಟಿದವರು, ರಾತ್ರಿ ಜ್ವರ ಬಂದರೆ ಒಂದು ಗಂಟೆಯೊಳಗೆ ಆಸ್ಪತ್ರೆ ಮುಟ್ಟುವವರು, ಇವರಿಗೆ ಕಾರ್ಬೋಪ್ಲಾಟಿನ್ ಸೇರಿಸಿ, ಬೇಡವೆನ್ನುವುದಿಲ್ಲ. ಮನೆ ದೂರವಿದ್ದರೆ ಆ ಎರಡು ತಿಂಗಳು ಕೋಲಾರ ಪೇಟೆಯ ನೆಂಟರ ಮನೆಯಲ್ಲಿ ಉಳಿಯುವ ಏರ್ಪಾಟು ಔಷಧಿಯಷ್ಟೇ ಮುಖ್ಯ. ಸೇರಿಸಿದ ಮೇಲೆ ಒಂದು ಮಾತನ್ನು ಕೀಮೋ ಫೈಲಿನ ಮೊದಲ ಪುಟದಲ್ಲೇ ಬರೆದಿಡಬೇಕು: ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿಕಣ) 1,000ಕ್ಕಿಂತ ಅಥವಾ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಇಳಿದರೆ ಆ ವಾರ ಎರಡೂ ನಿಲ್ಲಲಿ, ಮುಂದಿನ ವಾರ ಕೌಂಟ್ ಏರಿದಾಗ ಮೊದಲು ಪ್ಯಾಕ್ಲಿಟ್ಯಾಕ್ಸೆಲ್ ವಾಪಸ್ ಬರಲಿ. ಮತ್ತೆ ಇಳಿದರೆ ಕೈಬಿಡಬೇಕಾದದ್ದು ಕಾರ್ಬೋಪ್ಲಾಟಿನ್. ಡ್ಯೂಟಿ ಡಾಕ್ಟರ್ ವಾರಕ್ಕೊಬ್ಬರು ಬದಲಾಗುವ ವಾರ್ಡಿನಲ್ಲಿ ಇದು ಬರವಣಿಗೆಯಲ್ಲಿ ಇಲ್ಲದಿದ್ದರೆ ಒಮ್ಮೊಮ್ಮೆ ಉಲ್ಟಾ ಆಗುತ್ತದೆ.