ತಾಂಬೂಲದ ಚೀಲಕ್ಕೊಂದು ಚಾಕಲೇಟು

ಐವತ್ತು ದಾಟಿದ ಗಂಡಸು ಅಂಗಡಿಯಲ್ಲಿ ಚಾಕಲೇಟು ಕೇಳಿದರೆ ಬರುವ ಮೊದಲ ಪ್ರಶ್ನೆ, "ಮಕ್ಕಳಿಗಾ ಮಾಷ್ಟ್ರೇ?" ಬೀಡಿ ಕೇಳಿದವನನ್ನು ಯಾರೂ ಹೀಗೆ ವಿಚಾರಿಸುವುದಿಲ್ಲ. ಖಾರದ ಕಡ್ಲೆ ಕೇಳಿದವನನ್ನೂ ಇಲ್ಲ. ಚಾಕಲೇಟಿಗೆ ಮಾತ್ರ ಒಂದು ಮಗುವಿನ ಜಾಮೀನು ಬೇಕು. ಮೊದಲೆಲ್ಲ "ಹೌದು, ಮಗಳಿಗೆ" ಎಂದು ಪಾರಾಗುತ್ತಿದ್ದೆ. ಈಗ ಮಗಳಿಗೆ ಮದುವೆ ನಿಶ್ಚಯವಾಗಿದೆ. ಅಂಗಡಿಯವನಿಗೂ ಕಾಗದ ಕೊಡಬೇಕು. ಹಾಗಾಗಿ "ನನಗೇ" ಎಂದುಬಿಡುತ್ತೇನೆ. ಅವನು ನಗುತ್ತಾನೆ. ನಗಲಿ. ಚಿಲ್ಲರೆ ಇಲ್ಲವೆಂದು ಎರಡು ಎಕ್ಲೇರ್ಸ್ ಕೈಗೆ ಹಾಕಿದರೆ ತಕರಾರು ಮಾಡದ ಗಿರಾಕಿ ಇಡೀ ಪೇಟೆಯಲ್ಲಿ ನಾನೊಬ್ಬನೇ ಇರಬೇಕು.

ಮೇಷ್ಟ್ರ ಕೆಲಸದಲ್ಲಿ ಇದಕ್ಕೊಂದು ಅನುಕೂಲ ಉಂಟು. ಹುಟ್ಟುಹಬ್ಬದ ಮಗು ಬಣ್ಣದ ಬಟ್ಟೆ ಹಾಕಿಕೊಂಡು, ಪ್ಯಾಕೆಟ್ ಹಿಡಿದುಕೊಂಡು ಮೊದಲು ಬರುವುದು ನಮ್ಮ ಮೇಜಿಗೆ. ಉಳಿದ ಟೀಚರುಗಳು "ಒಂದು ಸಾಕು ಪುಟ್ಟಾ" ಎಂದು ಒಂದೇ ತೆಗೆದುಕೊಂಡು, ಅದನ್ನೂ ಪರ್ಸಿಗೆ ಹಾಕಿ ಮರೆತುಬಿಡುತ್ತಾರೆ. ನಾನು ಎರಡು ತೆಗೆಯುತ್ತೇನೆ. ಅಲ್ಲೇ ಬಿಚ್ಚಿ ಬಾಯಿಗೆ ಹಾಕಿಕೊಳ್ಳುತ್ತೇನೆ. ಆ ಮಗುವಿನ ಮುಖ ಆಗ ನೋಡಬೇಕು.

ಮನೆಯಲ್ಲಿ ಮಾತ್ರ ಕಾನೂನು ಕಟ್ಟುನಿಟ್ಟು. ರಾತ್ರಿ ಊಟವಾದ ಮೇಲೆ ಒಂದು ತುಂಡು, ಅಷ್ಟೆ. ಗೇಟಿನಲ್ಲಿ ನಿಂತು ಮೂರು ಸಲ ಕರೆದರೂ ಓಗೊಡದ ನನ್ನ ಹೆಂಡತಿಗೆ, ಟಿವಿಯಲ್ಲಿ ಧಾರಾವಾಹಿಯ ಅತ್ತೆ ಕಿರುಚುತ್ತಿರುವಾಗಲೂ, ಒಳಕೋಣೆಯಲ್ಲಿ ಬೇಗಡೆ ಕಾಗದ ಬಿಚ್ಚಿದ್ದು ಕೇಳಿಸುತ್ತದೆ. "ಅದು ಎಷ್ಟನೇದು?" ಎಂದು ಅಲ್ಲಿಂದಲೇ ಪ್ರಶ್ನೆ. ಬಚ್ಚಿಡೋಣವೆಂದರೆ ಅದಕ್ಕೂ ತೊಂದರೆ. ಚಾಕಲೇಟಿನ ಕೊಬ್ಬು ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಇಂಗಿನ ಡಬ್ಬಿಯ ಹಿಂದೆ ಇಟ್ಟದ್ದನ್ನು ವಾರ ಬಿಟ್ಟು ತಿಂದು ನೋಡಿ. ಸಾರಿಗೆ ಒಗ್ಗರಣೆ ಕೊಟ್ಟ ಹಾಗಿರುತ್ತದೆ. ಅಕ್ಕಿ ಡಬ್ಬಿ ವಾಸಿ. ಆದರೆ ಅಕ್ಕಿ ಅಳೆಯುವ ಕೈ ನನ್ನದಲ್ಲವಲ್ಲ.

ಶುಗರು ಗಡಿಯಲ್ಲಿದೆ ಎಂದ ಡಾಕ್ಟರು, "ತಿನ್ನಲೇಬೇಕಾದರೆ ಎಪ್ಪತ್ತು ಪರ್ಸೆಂಟ್ ಕೊಕ್ಕೋ ಇರುವ ಕಪ್ಪುದು ತಿನ್ನಿ, ಅದೂ ಸ್ವಲ್ಪ" ಎಂದರು. ಶಿಕ್ಷೆ ಎಂದುಕೊಂಡೇ ಶುರು ಮಾಡಿದ್ದು. ಮೊದಲ ತುಂಡಿಗೆ ಮುಖ ಕಷಾಯ ಕುಡಿದವನ ಹಾಗಾಯ್ತು. ಆಮೇಲೆ ನಾಲಿಗೆ ಒಗ್ಗಿತು. ಕಹಿಯ ಹಿಂದೆ ಸಣ್ಣ ಹುಳಿ, ಅದರ ಹಿಂದೆ ಹುರಿದ ಪರಿಮಳ, ಎಲ್ಲ ಬೇರೆ ಬೇರೆಯಾಗಿ ಸಿಗತೊಡಗಿತು. ಈಗ ಹಾಲಿನ ಚಾಕಲೇಟು ತಿಂದರೆ ಹಾಲಿನ ಪುಡಿಯೇ ಬಾಯಿಗೆ ಬರುತ್ತದೆ. ಇನ್ನು ಬಿಳಿ ಚಾಕಲೇಟು. ಕೊಕ್ಕೋದ ಬೆಣ್ಣೆ ಮಾತ್ರ ಇಟ್ಟುಕೊಂಡು ಕಪ್ಪನ್ನೆಲ್ಲ ಬಿಟ್ಟವರ ಬಗ್ಗೆ ನಾನು ಮಾತಾಡುವುದಿಲ್ಲ.

ನಾನು ಪುತ್ತೂರಿನ ಕಡೆಯವನು ಎಂದು ಹೇಳಿದರೆ ಈ ಹುಚ್ಚು ಸ್ವಲ್ಪ ಅರ್ಥವಾದೀತು. ನಮ್ಮಲ್ಲಿ ಅಡಿಕೆ ಮರದ ಬುಡದಲ್ಲಿ ಕೊಕ್ಕೋ ಬೆಳೆಯುತ್ತದೆ. ಮೇಲೆ ಅಡಿಕೆಯ ನೆರಳು, ಕೆಳಗೆ ಇದು. ಕೊಂಬೆಗೆ ಮಾತ್ರವಲ್ಲ, ಕಾಂಡಕ್ಕೇ ಕಾಯಿ ಅಂಟಿಕೊಂಡಿರುತ್ತದೆ. ಹಣ್ಣಾದರೆ ಹಳದಿ. ಒಡೆಯುವುದಕ್ಕೆ ಕತ್ತಿ ಹಾಕಬಾರದು, ಬೀಜಕ್ಕೆ ಏಟು ಬೀಳುತ್ತದೆ. ಮರದ ಕೊಡತಿಯಲ್ಲಿ ಒಂದು ಪೆಟ್ಟು ಕೊಟ್ಟರೆ ಎರಡು ಹೋಳು. ಒಳಗೆ ಬಿಳಿ ತೊಳೆ ಸುತ್ತಿಕೊಂಡ ಬೀಜಗಳ ಗೊಂಚಲು. ತೊಳೆ ಸಿಹಿಹುಳಿ, ಸೀತಾಫಲದ ತಮ್ಮನ ಹಾಗೆ. ಬೀಜ ಕಚ್ಚಿದರೆ ಒಳಗೆ ನೇರಳೆ ಬಣ್ಣ, ಕಡು ಕಹಿ. ಇದರೊಳಗೆ ಚಾಕಲೇಟು ಅಡಗಿದೆ ಎಂದು ಮೊದಲು ಊಹಿಸಿದವರಿಗೆ ನಮಸ್ಕಾರ.

ಚಿಕ್ಕವರಿದ್ದಾಗ ತೊಳೆ ಚೀಪಿ ಬೀಜವನ್ನು ಮೆಲ್ಲಗೆ ಬುಟ್ಟಿಗೇ ಹಾಕುತ್ತಿದ್ದೆವು. ಅಜ್ಜ ಬೈಯುತ್ತಿದ್ದರು. ಎಂಜಲು ಎಂದಲ್ಲ, ತೂಕ ಹೋಯ್ತು ಎಂದು. ಆ ತೊಳೆಗೆ ತೂಕದ ಹೊರತಾಗಿಯೂ ಕೆಲಸ ಉಂಟು ಎನ್ನುವುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಹಸಿ ಬೀಜವನ್ನು ರಾಶಿ ಹಾಕಿ ಐದಾರು ದಿನ ಹುಳಿ ಬರಿಸುತ್ತಾರೆ. ತೊಳೆಯ ಸಕ್ಕರೆಯೇ ಹುದುಗಿ, ರಾಶಿ ಬಿಸಿಯಾಗಿ, ಬೀಜದ ಕಹಿ ತಗ್ಗಿ, ಚಾಕಲೇಟಿನ ರುಚಿಗೆ ಅಲ್ಲೇ ಬುನಾದಿ ಬೀಳುವುದು. ಚೀಪಿದ ಬೀಜಕ್ಕೆ ಆ ಭಾಗ್ಯ ಇಲ್ಲ. ಅಳಿಲೂ ಇದನ್ನೇ ಮಾಡುತ್ತದೆ. ಕಾಯಿಗೆ ತೂತು ಕೊರೆದು, ತೊಳೆ ಚೀಪಿ, ಬೀಜ ಉಗಿದು ಹೋಗುತ್ತದೆ. ಅಜ್ಜನಿಗೆ ಅಳಿಲಿನ ಮೇಲಿದ್ದ ಸಿಟ್ಟು ನಮ್ಮ ಮೇಲಿದ್ದದ್ದಕ್ಕಿಂತ ಏನೂ ಜಾಸ್ತಿ ಇರಲಿಲ್ಲ.

ಕೊಕ್ಕೋ ಕೊಳ್ಳುತ್ತಿದ್ದವರು ಎಂಬತ್ತರ ಸುಮಾರಿಗೆ ಕೈಬಿಟ್ಟಾಗ ಎಷ್ಟೋ ತೋಟಗಳಲ್ಲಿ ಗಿಡಕ್ಕೆ ಕೊಡಲಿ ಬಿತ್ತಂತೆ. 1973ರಲ್ಲಿ ಅಡಿಕೆಗೆಂದು ಹುಟ್ಟಿದ್ದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಆಗ ಕೊಕ್ಕೋವನ್ನೂ ಕೈಗೆತ್ತಿಕೊಂಡಿತು. ಬೆಳೆದವರೇ ಸೇರಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಫ್ಯಾಕ್ಟರಿ ಕಟ್ಟಿದರು. 1986ರಲ್ಲಿ ಅದನ್ನು ಉದ್ಘಾಟಿಸಿದ್ದು ಆಗಿನ ರಾಷ್ಟ್ರಪತಿ ಜೈಲ್ ಸಿಂಗ್. ಒಂದು ಚಾಕಲೇಟು ಫ್ಯಾಕ್ಟರಿಗೆ ರಾಷ್ಟ್ರಪತಿಗಳು ಬಂದ ಊರಿನವನು ನಾನು. "ಮಕ್ಕಳಿಗಾ?" ಎಂದು ನನ್ನನ್ನು ಕೇಳಬಹುದೇ?

ನನ್ನ ಅಸಲು ತಕರಾರು ಬೇರೆ. ಒಂದೇ ತೋಟ, ಒಂದೇ ಸ್ಪ್ರಿಂಕ್ಲರಿನ ನೀರು, ಒಂದೇ ಹಟ್ಟಿಯ ಗೊಬ್ಬರ. ಮೇಲಿರುವ ಅಡಿಕೆಗೆ ಇರುವ ಮರ್ಯಾದೆ ನೋಡಿ. ಅಡಿಕೆ ಇಲ್ಲದೆ ನಿಶ್ಚಿತಾರ್ಥ ಇಲ್ಲ, ಮದುವೆ ಇಲ್ಲ, ದಕ್ಷಿಣೆ ಇಲ್ಲ. ವಿಗ್ರಹ ಇಲ್ಲದಿದ್ದರೆ ಅಡಿಕೆಯನ್ನೇ ಗಣಪತಿ ಎಂದು ಎಲೆಯ ಮೇಲೆ ಕೂರಿಸುತ್ತೇವೆ. ಕೆಳಗಿರುವ ಕೊಕ್ಕೋಗೆ? ಚೌತಿಗೂ ಇಲ್ಲ, ದೀಪಾವಳಿಗೂ ಇಲ್ಲ. ಕ್ಯಾಂಪ್ಕೋದ ಪೂರ್ತಿ ಇಂಗ್ಲಿಷ್ ಹೆಸರಿನಲ್ಲಾದರೂ ಅಡಿಕೆ, ಕೊಕ್ಕೋ ಎರಡೂ ಒಟ್ಟಿಗೆ ಇವೆ. ಮದುವೆಯ ಹರಿವಾಣದಲ್ಲಿ ಯಾಕಿರಬಾರದು?

ಈ ಪ್ರಶ್ನೆಯನ್ನು ನಾನು ಮಗಳ ಮದುವೆಯ ಮಾತುಕತೆಯಲ್ಲಿ ಎತ್ತಿದೆ. ಅಲ್ಲಿಯವರೆಗೆ ಆ ಚಾವಡಿಯಲ್ಲಿ ನನಗೆ ಮಾತಾಡುವ ಸಂದರ್ಭವೇ ಬಂದಿರಲಿಲ್ಲ. ಹಾಲ್ ಯಾವುದು, ಸೀರೆ ಎಲ್ಲಿಂದ, ಕಾಗದದಲ್ಲಿ ಯಾರ ಹೆಸರು ಮೇಲೆ, ಇವೆಲ್ಲ ಹೆಂಡತಿ ಮತ್ತು ಅಕ್ಕ ಸೇರಿ ತೀರ್ಮಾನ ಮಾಡುವ ವಿಷಯಗಳು. ನಾನು ಮತ್ತು ಭಾವ ಚೆಕ್ಕಿಗೆ ಸಹಿ ಹಾಕುವ, ಕುರ್ಚಿ ಎಣಿಸುವ ಇಲಾಖೆಯವರು. ಆದರೆ ಬೀಗರು ಮೈಸೂರಿನವರು. ಆ ಕಡೆ ಊಟ ಮುಗಿಸಿ ಹೊರಡುವವರ ಕೈಗೆ ತಾಂಬೂಲದ ಚೀಲ ಕೊಡಬೇಕು. ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಜೊತೆಗೊಂದು ಸಿಹಿ. ನಮ್ಮ ಕಡೆ ಇದು ಅಷ್ಟು ರೂಢಿ ಇಲ್ಲ. ಹಾಗಾಗಿ ಸಿಹಿ ಯಾವುದು ಎಂದಾಗ ಇಬ್ಬರೂ ಒಂದು ಕ್ಷಣ ಸುಮ್ಮನಾದರು. ನಾನು ನುಗ್ಗಿದೆ.

"ಚಾಕಲೇಟು ಕೊಡುವ."

"ಭಾವಯ್ಯ, ಇದು ಮದುವೆಯಾ, ಬರ್ತ್‌ಡೇಯಾ?" ಎಂದರು ಭಾವ.

ಹೆಂಡತಿ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ಅದು 'ಬೇಡ' ಎನ್ನುವುದಕ್ಕಿಂತ ಒಂದು ಮೆಟ್ಟಿಲು ಮೇಲೆ. ಪುಣ್ಯಕ್ಕೆ ಮಗಳು ನನ್ನ ಪಕ್ಷ. "ಅಪ್ಪ ಹೇಳಿದ್ದು ಚೆಂದ ಉಂಟು, ನಾನೇ ಮನೆಯಲ್ಲಿ ಮಾಡ್ತೇನೆ" ಎಂದಳು. "ಮದುಮಗಳು ಒಲೆ ಎದುರು ನಿಂತು ಮುಖ ಕಪ್ಪು ಮಾಡಿಕೊಳ್ಳುವುದಾ?" ಎಂದು ಅಕ್ಕ ಕೇಳಿದಳು. ಚಾಕಲೇಟಿಗೆ ಅಂಥ ಬೆಂಕಿಯೇ ಬೇಡ ಎಂದು ಅವಳಿಗೆ ತಿಳಿಸುವಷ್ಟರಲ್ಲಿ ಕಾಫಿ ಬಂತು.

ಮರುದಿನದಿಂದ ನಮ್ಮ ಅಡುಗೆಮನೆಯಲ್ಲಿ ಪ್ರಯೋಗ ಶುರು. ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ, ಅದರಲ್ಲಿ ಚೂರು ಮಾಡಿದ ಚಾಕಲೇಟು. ಒಂದು ಹನಿ ನೀರು ಒಳಗೆ ಬಿದ್ದರೂ ಕೆಟ್ಟಿತು. ಅಷ್ಟು ಹೊತ್ತು ರೇಷ್ಮೆಯಂತೆ ಹರಿಯುತ್ತಿದ್ದದ್ದು ಗಂಟುಗಂಟಾಗಿ ಮೊಂಡು ಹಿಡಿಯುತ್ತದೆ. ಮಗಳು ಥರ್ಮಾಮೀಟರು ತರಿಸಿದ್ದಾಳೆ. ನಲವತ್ತೈದು ಡಿಗ್ರಿಗೆ ಕರಗಿಸಬೇಕು, ಇಪ್ಪತ್ತೇಳಕ್ಕೆ ಇಳಿಸಬೇಕು, ಮತ್ತೆ ಮೂವತ್ತೊಂದಕ್ಕೆ ಏರಿಸಬೇಕು. ಹೀಗೆ ಮಾಡಿದರೇ ಕೊಕ್ಕೋ ಬೆಣ್ಣೆಯ ಹರಳುಗಳು ಸರಿಯಾಗಿ ಕೂತು, ಮೇಲೆ ಹೊಳಪು ಬಂದು, ಮುರಿದರೆ ಟಪ್ ಎನ್ನುವುದು. ಇಲ್ಲವಾದರೆ ಎರಡೇ ದಿನದಲ್ಲಿ ಬೂದಿ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ. ಹೆಂಡತಿ ಇದನ್ನೆಲ್ಲ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಪಾಕದ ಎಳೆ ನೋಡ್ಲಿಕ್ಕೆ ನನಗೆ ಇವತ್ತಿನವರೆಗೆ ಥರ್ಮಾಮೀಟರು ಬೇಕಾಗ್ಲಿಲ್ಲ" ಎಂದಳು. ಬೆರಳು ತುದಿಯ ಎರಡು ಎಳೆಯಲ್ಲಿ ಸಂಸಾರ ನಡೆಸಿದವಳಿಗೆ ಏನೆಂದು ಉತ್ತರ ಕೊಡುವುದು.

ತೊಡಕಾಗಿದ್ದು ಹವೆಯಿಂದ. ಮುಹೂರ್ತ ಇರುವುದು ಮೇ ತಿಂಗಳಲ್ಲಿ. ಶಾಲೆಗೆ ರಜೆ, ಮಳೆ ಇನ್ನೂ ಹಿಡಿದಿರುವುದಿಲ್ಲ, ಎಲ್ಲರಿಗೂ ಅನುಕೂಲ. ಚಾಕಲೇಟಿಗೆ ಮಾತ್ರ ಅಲ್ಲ. ಕೊಕ್ಕೋ ಬೆಣ್ಣೆ ಕರಗುವುದು ಮೂವತ್ತನಾಲ್ಕು ಡಿಗ್ರಿಯ ಸುಮಾರಿಗೆ. ಬಾಯಿಗಿಟ್ಟ ಕೂಡಲೇ ಕರಗುವ ಅದರ ಸೊಗಸೆಲ್ಲ ಇರುವುದು ಅಲ್ಲೇ. ಮೇ ತಿಂಗಳ ಪುತ್ತೂರಿನ ಮಧ್ಯಾಹ್ನವೂ ಹೆಚ್ಚುಕಮ್ಮಿ ಅಷ್ಟೇ. ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಗೆ ಮೆತ್ತಿಕೊಂಡ ಚಾಕಲೇಟನ್ನು ಬೀಗರ ಕಡೆಯವರು ಜುಟ್ಟಿನಿಂದ ಬಿಡಿಸುವ ಚಿತ್ರ ನನಗೇ ಇಷ್ಟವಾಗಲಿಲ್ಲ.

ಇದಕ್ಕೆ ಪೇಟೆಯಲ್ಲಿ ಪರಿಹಾರ ಸಿಗುತ್ತದೆ, ಕಾಂಪೌಂಡ್. ದೊಡ್ಡ ದೊಡ್ಡ ಹಲಗೆಯಲ್ಲಿ ಬರುತ್ತದೆ. ಕೊಕ್ಕೋ ಬೆಣ್ಣೆಯ ಬದಲು ತಾಳೆಬೀಜದ ಕೊಬ್ಬೋ ಮತ್ತೊಂದೋ. ಆ ಡಿಗ್ರಿ ಈ ಡಿಗ್ರಿ ಎಂದು ಒದ್ದಾಡಬೇಕಿಲ್ಲ, ಕರಗಿಸಿ ಅಚ್ಚಿಗೆ ಹೊಯ್ದರೆ ಆಯ್ತು, ಸೆಖೆಗೂ ಜಗ್ಗುವುದಿಲ್ಲ. ಪ್ರವಾಸಿ ಊರುಗಳಲ್ಲಿ ಹೋಮ್‌ಮೇಡ್ ಎಂದು ಸಿಗುವ ಎಷ್ಟೋ ಚಾಕಲೇಟುಗಳ ಒಳಗುಟ್ಟು ಇದೇ. ಬೆಲೆಯೂ ಕಮ್ಮಿ. ಆದರೆ ತಿಂದಾದ ಮೇಲೆ ಅಂಗುಳಕ್ಕೆ ಜಿಡ್ಡಿನ ಪೊರೆಯೊಂದು ಅಂಟಿ ಕೂರುತ್ತದೆ. ಕೊಕ್ಕೋ ತೋಟದವನ ಮಗಳ ಮದುವೆಯಲ್ಲಿ ತಾಳೆ ಕೊಬ್ಬು ಹಂಚುವುದಾ?

"ಹಾಗಾದ್ರೆ ನಿಜವಾದದ್ದಕ್ಕೆ ಎಷ್ಟಾಗ್ತದೆ ಹೇಳಿ" ಎಂದಳು ಹೆಂಡತಿ, ಪೆನ್ನು ಹಿಡಿದು. ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು. 2024ರಲ್ಲಿ ಘಾನಾ, ಐವರಿ ಕೋಸ್ಟ್‌ಗಳಲ್ಲಿ ಬೆಳೆ ಕೈಕೊಟ್ಟು ಕೊಕ್ಕೋ ಬೆಲೆ ಟನ್ನಿಗೆ ಹತ್ತು ಸಾವಿರ ಡಾಲರು ದಾಟಿತ್ತು. ಆ ವರ್ಷ ಹಸಿ ಬೀಜಕ್ಕೆ ಸಿಕ್ಕಿದ ರೇಟಿನಲ್ಲಿ ನನ್ನ ತಮ್ಮ ತೋಟಕ್ಕೆ ಹೊಸ ಪಂಪು ಹಾಕಿಸಿ, ಸಿಕ್ಕಿದವರಿಗೆಲ್ಲ ಚಾ ಕುಡಿಸಿದ್ದ. ಬೀಜ ಮಾರುವಾಗಿನ ಆ ಖುಷಿ ಚಾಕಲೇಟು ಬಾರು ಕೊಳ್ಳುವಾಗ ಇರುವುದಿಲ್ಲ.

ಕೊನೆಗೆ ಅಡುಗೆ ಭಟ್ರಿಗೆ ಫೋನು ಮಾಡಿದೆ. ಬೆಂಗಳೂರಿನಲ್ಲಿ ಚಾಕಲೇಟು ಹೋಳಿಗೆ ಸಿಗುತ್ತದಂತೆ, ಇಲ್ಲಿ ಮಾಡಬಹುದಾ ಎಂದು ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಒಗ್ಗರಣೆಯ ಸದ್ದು. "ಮಾಷ್ಟ್ರೇ, ಹೋಳಿಗೆಗೆ ಕೈ ಹಾಕ್ಬೇಡಿ. ಬೇರೆ ಏನು ಬೇಕಾದ್ರೂ ಹೇಳಿ" ಎಂದರು. ಅವರು ಹೇಳಿದ್ದು ಸರಿ. ನಾನೂ ಚಾಕಲೇಟು ದೋಸೆ ತಿನ್ನುವವನಲ್ಲ. ಪ್ರೀತಿಗೂ ಒಂದು ಬೇಲಿ ಬೇಕು.

ಅಷ್ಟರಲ್ಲಿ ಹೆಂಡತಿ ಯಾರಿಗೂ ಹೇಳದೆ ಸೆವೆನ್ ಕಪ್ ಬರ್ಫಿ ಮಾಡಿದ್ದಳು. ಒಂದು ಕಪ್ ಕಡ್ಲೆಹಿಟ್ಟು, ಒಂದು ಕಾಯಿತುರಿ, ಒಂದು ಹಾಲು, ಒಂದು ತುಪ್ಪ, ಮೂರು ಸಕ್ಕರೆ. ಎಲ್ಲ ಒಟ್ಟಿಗೆ ಬಾಣಲೆಗೆ ಹಾಕಿ ತಳ ಬಿಡುವವರೆಗೆ ಮಗುಚುವುದು. ಇಳಿಸುವ ಮೊದಲು ಅವಳು ಎರಡು ದೊಡ್ಡ ಚಮಚ ಕೊಕ್ಕೋ ಪುಡಿ ಬೆರೆಸಿದ್ದಳು. ತಟ್ಟೆಗೆ ಸುರಿದು, ಗೆರೆ ಎಳೆದು, ಒಂದು ತುಂಡನ್ನು ಅಂಗಳದ ಬಿಸಿಲಿಗೆ, ಪ್ಲಾಸ್ಟಿಕ್ ಚೀಲದಲ್ಲಿ ತೆಂಗಿನಕಾಯಿಯ ಪಕ್ಕದಲ್ಲೇ ಇಟ್ಟಿದ್ದಳು. ಸಂಜೆ ತೆಗೆದು ನೋಡಿದರೆ ತುಂಡು ತುಂಡಾಗಿಯೇ ಇತ್ತು. ಕಡ್ಲೆಹಿಟ್ಟಿನ ಪರಿಮಳ, ಅದರ ಮೇಲೆ ಕೊಕ್ಕೋದ ಸಣ್ಣ ಕಹಿ. ಮೂರು ಕಪ್ ಸಕ್ಕರೆಯ ಆ ಸಿಹಿಗೆ ಆ ಕಹಿಯೇ ಬೇಕಾಗಿತ್ತು. ನಾನು ಎರಡನೆಯದಕ್ಕೆ ಕೈ ಹಾಕಿದಾಗ ಅವಳು ತಡೆಯಲಿಲ್ಲ.

ಭಟ್ರೂ ಒಪ್ಪಿದರು. ನಾಲ್ಕುನೂರು ಚೀಲ, ಚೀಲಕ್ಕೆ ಎರಡು, ತುಂಡಿಗೆ ಇಪ್ಪತ್ತೈದು ಗ್ರಾಂ, ಅಂದರೆ ಇಪ್ಪತ್ತು ಕಿಲೋ. "ಪುಡಿ ನೀವೇ ತನ್ನಿ, ಅದು ಯಾವುದು ಒಳ್ಳೆಯದು ಎಂದು ನಮಗೆ ತಿಳಿಯುವುದಿಲ್ಲ" ಎಂದರು. ಇಷ್ಟು ದೊಡ್ಡ ಜವಾಬ್ದಾರಿ ಈ ಮದುವೆಯಲ್ಲಿ ನನಗೆ ಸಿಕ್ಕಿದ್ದು ಇದೇ ಮೊದಲು.

ಮಗಳ ಅಸಲಿ ಚಾಕಲೇಟಿಗೂ ದಾರಿ ಸಿಕ್ಕಿತು. ಮೈಸೂರಿನಲ್ಲಿ ಬೀಗರ ಆರತಕ್ಷತೆ, ಸಂಜೆ ಹೊತ್ತು, ಏಸಿ ಹಾಲ್. ಅಲ್ಲಿ ಬಂದವರಿಗೆ ಒಂದೊಂದು. ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಮೇಲೆ ಹೋಗುವುದು. "ಮಡಿಕೇರಿಯಲ್ಲಿ ರಸ್ತೆ ಉದ್ದಕ್ಕೂ ಹೋಮ್‌ಮೇಡ್ ಚಾಕಲೇಟು ಬೋರ್ಡೇ ಉಂಟಲ್ಲ, ಅಲ್ಲೇ ತಗೊಂಡ್ರೆ ಆಗ್ಲಿಕ್ಕಿಲ್ವಾ?" ಎಂದು ಭಾವ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವ ಕೆಲಸ ನನ್ನದು ಎಂದು ನಾನೇ ಹೇಳಿದೆ. ಮಗಳು ಒಪ್ಪಿದ್ದಾಳೆ. ಆದರೆ ಡಬ್ಬಿಗೆ ಸುತ್ತ ಟೇಪು ಹಾಕಿ, ಟೇಪಿನ ಮೇಲೆ ಸಹಿ ಮಾಡಿ ಕೊಡುತ್ತಾಳಂತೆ. ಎಣಿಕೆಯ ಚೀಟಿ ಅಳಿಯನ ಕೈಗೆ ಮೊದಲೇ ಹೋಗಿದೆ.