ಅಧ್ಯಕ್ಷರು ಮೆಟ್ಟಿಲು ಇಳಿದು ಬಂದರು

ಟರ್ಕಿಯ ಫುಟ್‌ಬಾಲ್ ಫೆಡರೇಶನ್ 2025ರ ಅಕ್ಟೋಬರ್‌ನಲ್ಲಿ ಒಂದು ಲೆಕ್ಕ ಕೊಟ್ಟಿತಲ್ಲ, 571 ರೆಫ್ರಿಗಳ ಪೈಕಿ 371 ಮಂದಿಗೆ ಬೆಟ್ಟಿಂಗ್ ಖಾತೆ ಇದೆ, ಅದರಲ್ಲಿ 152 ಮಂದಿ ನಿಜವಾಗಿಯೂ ದುಡ್ಡು ಕಟ್ಟುವವರು ಅಂತ. ಒಬ್ಬ ಪುಣ್ಯಾತ್ಮ 18,227 ಸಲ ಕಟ್ಟಿದ್ದಾನಂತೆ. ಈತನಿಗೆ ಸೀಟಿ ಊದಲು ಪುರುಸೊತ್ತು ಯಾವಾಗ ಸಿಗುತ್ತಿತ್ತು ಅನ್ನುವುದೇ ನನ್ನ ಚಿಂತೆ.

ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ನನಗೆ ನಗು ಬಂದದ್ದು ಲೆಕ್ಕ ಓದಿದವರನ್ನು ನೋಡಿ. ಫೆಡರೇಶನ್ ಅಧ್ಯಕ್ಷ ಇಬ್ರಾಹಿಂ ಹಾಜಿಓಸ್ಮಾನೋಲು. ಇದೇ ಮಹಾಶಯರು 2015ರಲ್ಲಿ ತ್ರಾಬ್ಜೋನ್‌ಸ್ಪೋರ್ ಕ್ಲಬ್ಬಿನ ಅಧ್ಯಕ್ಷರಾಗಿದ್ದಾಗ, ಒಂದು ಪೆನಾಲ್ಟಿ ಕೊಡಲಿಲ್ಲ ಅಂತ ರೆಫ್ರಿಗಳನ್ನು ರಾತ್ರಿ ಸ್ಟೇಡಿಯಂ ಒಳಗೇ ಕೂಡಿಹಾಕಿಸಿದ್ದರು. ಕೊನೆಗೆ ದೇಶದ ಅಧ್ಯಕ್ಷ ಎರ್ದೊಆನ್ ಫೋನ್ ಮಾಡಿದ ಮೇಲೆ ಬಾಗಿಲು ತೆರೆಯಿತು. ರೆಫ್ರಿಗಳ ಮೇಲೆ ಇಷ್ಟು ಕಾಳಜಿ ಇರುವ ಮನುಷ್ಯ ಇನ್ನೊಬ್ಬ ಸಿಗ್ತಾನಾ? 2024ರ ಜುಲೈನಲ್ಲಿ ವೋಟು ಹಾಕಿ ಫೆಡರೇಶನ್ ಕುರ್ಚಿಯಲ್ಲೇ ಕೂರಿಸಿದರು. ಅನುಭವಕ್ಕೆ ಬೆಲೆ ಕೊಡುವ ದೇಶ ಅಂದರೆ ಅದು.

ಅವರು ಆ ಕುರ್ಚಿ ಏರುವ ಮೊದಲು ಮುಗಿದ 2023-24ರ ಟರ್ಕಿ ಲೀಗ್ ಸೀಸನ್ ನೆನಪಿದೆ ತಾನೇ? ಅಂಕಪಟ್ಟಿ ಒಂದನ್ನೇ ನೋಡಿದರೆ ಬಲು ಸೊಗಸು. ಇಸ್ತಾಂಬುಲ್‌ನ ಗಲಾತಸರಾಯ್ ಕ್ಲಬ್ಬು 102 ಅಂಕ, ಚಾಂಪಿಯನ್. ಅದೇ ಊರಿನ ಎದುರಾಳಿ ಫೆನರ್‌ಬಾಹ್ಚೆ 38 ಪಂದ್ಯದಲ್ಲಿ ಸೋತದ್ದು ಒಂದೇ ಒಂದು, 99 ಅಂಕ, ಆದರೂ ಎರಡನೇ ಸ್ಥಾನ. ಬೇರೆ ಕಡೆಯಾಗಿದ್ದರೆ ಇದನ್ನೇ ಮಾತಾಡಿಕೊಂಡು ವರ್ಷ ಕಳೆಯುತ್ತಿದ್ದರು. ಟರ್ಕಿಯಲ್ಲಿ ಆಟಗಾರರಿಗೆ ಅಷ್ಟೆಲ್ಲ ಜಾಗ ಇಲ್ಲ. ಅಲ್ಲಿ ಆಡುವವರು ಅಧ್ಯಕ್ಷರು.

ಲೀಗ್ ಗೆದ್ದವರೂ ಟರ್ಕಿ ಕಪ್ ಗೆದ್ದವರೂ ಎದುರಾಗುವ ಸೂಪರ್ ಕಪ್ಪನ್ನೇ ತಗೊಳ್ಳಿ. ಗಣರಾಜ್ಯಕ್ಕೆ ನೂರು ತುಂಬಿದ ವರ್ಷ. ಅಂಥ ವರ್ಷದ ಕಪ್ ಎಲ್ಲಿ ಆಡಬೇಕು? ಸೌದಿಯ ರಿಯಾದ್‌ನಲ್ಲಿ. ದುಡ್ಡು ಅಲ್ಲಿತ್ತು ಸ್ವಾಮಿ. 2023ರ ಡಿಸೆಂಬರ್ 29ಕ್ಕೆ ಪಂದ್ಯ. ಗಲಾತಸರಾಯ್, ಫೆನರ್‌ಬಾಹ್ಚೆ ಎರಡೂ ಹೋಗಿ ಇಳಿದವು. ಗಣರಾಜ್ಯ ಕಟ್ಟಿದ ಅತಾತುರ್ಕ್ ಚಿತ್ರದ ಅಂಗಿ ತೊಡ್ತೀವಿ, ‘ನಾಡಿನಲ್ಲಿ ಶಾಂತಿ, ಜಗದಲ್ಲಿ ಶಾಂತಿ’ ಅನ್ನುವ ಅವರ ಮಾತಿನ ಬ್ಯಾನರ್ ಹಿಡೀತೀವಿ ಅಂದವು. ಮೊದಲು ಮಾತಾಡಿಕೊಂಡದ್ದರಲ್ಲಿ ಇದೆಲ್ಲ ಇರಲಿಲ್ಲ ಅಂದರು ಸೌದಿಯವರು. ಶಾಂತಿಯ ಬ್ಯಾನರಿಗೆ ಜಗಳವಾಗಿ ಪಂದ್ಯವೇ ನಿಂತುಹೋಯಿತು.

ಅದೇ ಕಪ್ಪನ್ನು ಏಪ್ರಿಲ್ 7ಕ್ಕೆ ಶಾನ್ಲಿಉರ್ಫಾಗೆ ಹೊತ್ತು ತಂದರು. ಇಸ್ತಾಂಬುಲ್‌ನಿಂದ ಸಾವಿರ ಕಿಲೋಮೀಟರಿಗೂ ಜಾಸ್ತಿ. ಹಿಂದಿನ ವರ್ಷದ ಭೂಕಂಪದಲ್ಲಿ ನಲುಗಿದ ಊರು. ರಂಜಾನ್ ತಿಂಗಳ ರಾತ್ರಿ, ಜನ ಬಂದು ಕೂತರು. ಫೆನರ್‌ಬಾಹ್ಚೆಗೆ ವಿದೇಶಿ ರೆಫ್ರಿ ಬೇಕಿತ್ತು, ಪಂದ್ಯ ಮುಂದಕ್ಕೆ ಹೋಗಬೇಕಿತ್ತು. ಎರಡೂ ಆಗಲಿಲ್ಲ. ಸರಿ, 19 ವರ್ಷದೊಳಗಿನ ಹುಡುಗರನ್ನು ಕಳಿಸಿದರು. ಸೀಟಿ ಬಿತ್ತು. ಮೊದಲ ನಿಮಿಷದಲ್ಲೇ ಗಲಾತಸರಾಯ್‌ನ ಇಕಾರ್ದಿ ಗೋಲು ಹೊಡೆದ. ಫೆನರ್‌ಬಾಹ್ಚೆಯ ಹುಡುಗರು ಮೈದಾನ ಬಿಟ್ಟು ನಡೆದೇ ಬಿಟ್ಟರು. ಆಯ್ತು, ಮುಗೀತು. ಸೀಟ್ ನಂಬರ್ ಹುಡುಕಿಕೊಂಡು ಆಗಷ್ಟೇ ಒಳಗೆ ಕಾಲಿಟ್ಟವರು ಏನಂದುಕೊಂಡರೋ! ಟಿಕೆಟ್ ಕೊಂಡವರ ಮುಖ ನೋಡಲಾರದೆ ಗಲಾತಸರಾಯ್‌ನವರು ತಮ್ಮತಮ್ಮಲ್ಲೇ ಎರಡು ಪಂಗಡ ಮಾಡಿಕೊಂಡು ಒಂದಿಷ್ಟು ಹೊತ್ತು ಆಡಿ ತೋರಿಸಿದರು. ಆಮೇಲೆ ಫೆಡರೇಶನ್ 3-0 ಅಂತ ಬರೆದುಕೊಂಡಿತು. ಟೆಸ್ಟ್ ಕ್ರಿಕೆಟ್ ಉದ್ದ ಆಯ್ತು ಅಂತ ಗೊಣಗುವವರು ಈ ಮಾದರಿಯನ್ನು ಪರಿಶೀಲಿಸಬಹುದು.

ಅದಕ್ಕೂ ಮೊದಲು, ಮಾರ್ಚ್‌ನಲ್ಲಿ, ತ್ರಾಬ್ಜೋನ್‌ನಲ್ಲಿ 3-2ಕ್ಕೆ ಗೆದ್ದ ಫೆನರ್‌ಬಾಹ್ಚೆ ಆಟಗಾರರ ಮೇಲೆ ಪ್ರೇಕ್ಷಕರು ನುಗ್ಗಿ ಹೊಡೆದಾಟ ಆಗಿತ್ತು. ಲೀಗನ್ನೇ ಬಿಟ್ಟು ಹೋಗೋಣವಾ ಅಂತ ಕ್ಲಬ್ಬು ಮಹಾಸಭೆ ಕರೆಯಿತು. ಸಭೆ ಸೇರಿತು, ಭಾಷಣ ಆಯ್ತು, ತೀರ್ಮಾನ ಮುಂದಕ್ಕೆ ಹೋಯಿತು. ಥೇಟ್ ನಮ್ಮ ಅಪಾರ್ಟ್‌ಮೆಂಟ್ ಸಂಘ.

ಇನ್ನು ಅದೇ ಸೀಸನ್ನಿನ, 2023ರ ಡಿಸೆಂಬರ್ 11ರ ಕಥೆ. ಅಂಕಾರದಲ್ಲಿ ಅಂಕಾರಗುಜು–ರಿಜೆಸ್ಪೋರ್ ಪಂದ್ಯ. ರಿಜೆಸ್ಪೋರ್ 97ನೇ ನಿಮಿಷದಲ್ಲಿ ಗೋಲು ಹೊಡೆದು 1-1 ಮಾಡಿತು. ಆಟ ಮುಗಿದದ್ದೇ ತಡ, ಅಂಕಾರಗುಜು ಕ್ಲಬ್ಬಿನ ಅಧ್ಯಕ್ಷ ಫಾರೂಕ್ ಕೋಜಾ ಮೈದಾನಕ್ಕೆ ಇಳಿದು ಬಂದು ರೆಫ್ರಿ ಹಲೀಲ್ ಉಮುತ್ ಮೆಲೆರ್ ಮುಖಕ್ಕೆ ಗುದ್ದಿದರು. ಬಿದ್ದವರನ್ನು ಇನ್ಯಾರೋ ಒದ್ದರು. ಎಡಗಣ್ಣು ಊದಿ ಮುಚ್ಚಿಹೋಯಿತು. ಕೋಜಾ ಮಾಜಿ ಸಂಸದರು, ಮಾತು ತಿಳಿದವರು. ಪೊಲೀಸರಿಗೆ ಕೊಟ್ಟ ಹೇಳಿಕೆ ಪ್ರಕಾರ ಅವರು ಹೋದದ್ದು ಬೈದು ಮುಖಕ್ಕೆ ಉಗಿಯಲು ಮಾತ್ರವಂತೆ. ಕಪಾಳಕ್ಕೆ ಒಂದು ಬಿತ್ತಂತೆ. ಅಂಥ ಏಟಿಗೆಲ್ಲ ಮೂಳೆ ಮುರಿಯುವುದಿಲ್ಲವಂತೆ. ಎಂಥ ಸಭ್ಯತೆ ನೋಡಿ!

ಲೀಗ್ ನಿಲ್ಲಿಸಿದರು. ಎಲ್ಲರೂ ಖಂಡಿಸಿದರು. ಕೋಜಾಗೆ ಶಾಶ್ವತ ನಿಷೇಧ. ಡಿಸೆಂಬರ್ 19ಕ್ಕೆ ಲೀಗ್ ಮತ್ತೆ ಶುರುವಾಯಿತು. ಅದೇ ದಿನ, ಪೆನಾಲ್ಟಿ ಕೊಡಲಿಲ್ಲ ಅಂತ ಇಸ್ತಾಂಬುಲ್‌ಸ್ಪೋರ್ ಅಧ್ಯಕ್ಷರು ಇಳಿದು ಬಂದು, ಪಂದ್ಯದ ನಡುವೆಯೇ ತಮ್ಮ ತಂಡವನ್ನು ಎಬ್ಬಿಸಿಕೊಂಡು ಹೋದರು.

ಇಲ್ಲಿ ನನಗೆ ತಮಾಷೆ ಹೊಳೆಯುತ್ತಿಲ್ಲ. ಒಬ್ಬ ಮನುಷ್ಯನ ಮುಖದ ಮೂಳೆ ಮುರಿದಿತ್ತು. ಬಿದ್ದವನನ್ನು ಒದ್ದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತ್ತು. ಒಂದು ವಾರಕ್ಕೆ ಮತ್ತೆ ಅದೇ. ಸೋತವನಿಗೆ ರೆಫ್ರಿ ಕಳ್ಳ, ಗೆದ್ದವನಿಗೂ ರೆಫ್ರಿ ಕಳ್ಳ, ಅಂತ ವರ್ಷಗಟ್ಟಲೆ ಮೈಕ್ ಮುಂದೆ ಕೂತು ಹೇಳಿದವರು ಯಾರೂ ಕೈ ಎತ್ತಲಿಲ್ಲ, ನಿಜ. ಕೈ ಎತ್ತುವವನನ್ನು ತಯಾರು ಮಾಡಿದರು, ಅಷ್ಟೆ. ಬೆಟ್ಟಿಂಗ್ ಸುದ್ದಿ ಬಂದ ಮೇಲೆ ‘ನಾವು ಅವತ್ತೇ ಹೇಳಿರಲಿಲ್ವಾ’ ಅಂತ ಎದೆ ಉಬ್ಬಿಸುವುದು ಬೇರೆ. ಏನು ಹೇಳಿದ್ರಿ? ಬೆಟ್ ಕಟ್ಟಿದವರು ಸಿಕ್ಕಿಬಿದ್ದದ್ದು ಖಾತೆಯ ಲೆಕ್ಕ ತೆಗೆದಾಗ. ಅದಕ್ಕೆ ಯಾರ ಮುಖಕ್ಕೂ ಗುದ್ದಬೇಕಾಗಿರಲಿಲ್ಲ.

ಅಂದಹಾಗೆ ಅಂಕಾರಗುಜು, ಇಸ್ತಾಂಬುಲ್‌ಸ್ಪೋರ್ ಎರಡೂ ಆ ಸೀಸನ್ನಿನ ಕೊನೆಗೆ ಕೆಳಗಿನ ಲೀಗಿಗೆ ಜಾರಿದವು. ಮೆಲೆರ್ ಮಾತ್ರ ಮುಂದಿನ ಜೂನ್‌ನಲ್ಲಿ ಜರ್ಮನಿಗೆ ಹೋಗಿ ಯೂರೋ ಕಪ್‌ನಲ್ಲಿ ಸೀಟಿ ಊದಿದರು. ಬೆಲ್ಜಿಯಂ–ಸ್ಲೊವಾಕಿಯಾ ಪಂದ್ಯ. ಬೆಲ್ಜಿಯಂನ ಲುಕಾಕು ಹೊಡೆದ ಎರಡು ಗೋಲು ವಿಡಿಯೋ ನೋಡಿದ ಮೇಲೆ ರದ್ದಾದವು, ಬೆಲ್ಜಿಯಂ 0-1ಕ್ಕೆ ಸೋತಿತು. ಆದರೂ ಮೇಲಿನಿಂದ ಯಾರೂ ಇಳಿದು ಬರಲಿಲ್ಲ. ಬೆಲ್ಜಿಯಂನ ಅಧ್ಯಕ್ಷರಿಗೆ ಮಂಡಿ ನೋವಿತ್ತೋ ಏನೋ.