ಮೂರನೇ ಸಾಲು ಓದಿ ಮಾಷೇ

ಕಾಸರಗೋಡು ಪೇಟೆಯ ಒಂದು ಕನ್ನಡಕದಂಗಡಿಯಲ್ಲಿ ಮೊನ್ನೆ ನಾನು ಕುರುಡನೆಂದು ಘೋಷಣೆಯಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಫ್ರೇಮು ಇಟ್ಟು, ಹುಡುಗ ಎದುರಿನ ಬೋರ್ಡು ತೋರಿಸಿದ. "ಮೂರನೇ ಸಾಲು ಓದಿ ಮಾಷೇ."

"ಓದ್ಲಿಕ್ಕೆ ಆಗೂದಿಲ್ಲ."

ಗಾಜು ಬದಲಿಸಿದ. "ಈಗ?"

"ಈಗ್ಲೂ ಇಲ್ಲ."

ಆರು ಗಾಜು ಮುಗಿದವು. ಕೊನೆಗೆ ಮೊದಲನೇ ಸಾಲಿನ ಅಂಗೈಯಗಲದ ಒಂದೇ ಅಕ್ಷರ ತೋರಿಸಿದ. ಅದೂ ಇಲ್ಲ. ಹುಡುಗನ ದನಿ ಮೆತ್ತಗಾಯಿತು. "ಮನೆಯಿಂದ ಜೊತೆಗೆ ಯಾರಾದ್ರೂ ಬಂದಿದ್ದಾರಾ? ಎಂತಾದ್ರೂ ಕಾಣ್ತದಾ?"

"ಎಲ್ಲ ಕಾಣ್ತದೆ ಮಾರಾಯ, ಚಕ್ಕುಲಿ ಒತ್ತಿಟ್ಟ ಹಾಗೆ. ನಂಗೆ ಮಲಯಾಳ ಓದ್ಲಿಕ್ಕೆ ಬರೂದಿಲ್ಲ."

ಇಷ್ಟು ಹೊತ್ತು ನಾವು ಮಾತಾಡಿದ್ದು ಮಲಯಾಳದಲ್ಲೇ. ಅವನ ಸಂಕಟ ಅದು. 1956ರ ನವೆಂಬರ್ 1ಕ್ಕೆ ನಮ್ಮೂರು ಕೇರಳಕ್ಕೆ ಸೇರಿತು. ಆಮೇಲೆ ಹುಟ್ಟಿದ ನನ್ನ ನಾಲಿಗೆಯೂ ಹೇಗೋ ಸೇರಿಕೊಂಡಿತು. ಕಣ್ಣು ಮಾತ್ರ ಇನ್ನೂ ಹೊರಟಿಲ್ಲ. ಬದಿಯಡ್ಕದ ಬಸ್ಸನ್ನು ನಾನು ಇಂದಿಗೂ ಗುರುತಿಸುವುದು ಕಿವಿಯಿಂದ, ಕಂಡಕ್ಟರನ ಕೂಗು ಕೇಳಿ.

ಹುಡುಗ ಬೋರ್ಡು ತಿರುಗಿಸಿದ. ಹಿಂದೆ ಬರೀ ಇಂಗ್ಲಿಷಿನ 'ಇ', ಒಂದೊಂದೂ ಒಂದೊಂದು ದಿಕ್ಕಿಗೆ. ಓದು ಬರಹ ಬಾರದವರಿಗೆ ಇರುವುದಂತೆ. ಮೂವತ್ತೆರಡು ವರ್ಷ ಕನ್ನಡ ಕಲಿಸಿದ ನಾನು ಟ್ರಾಫಿಕ್ ಪೊಲೀಸಿನವನ ಹಾಗೆ ಕೈ ಮೇಲೆ, ಕೈ ಕೆಳಗೆ ಮಾಡುತ್ತಾ ಕೂತೆ. ಬಾಗಿಲಾಚೆ ಹಳೇ ವಿದ್ಯಾರ್ಥಿಯೊಬ್ಬ ನಮಸ್ಕಾರ ಹೊಡೆದು ಹೋದ. ನಾನು ಕೈ ಎತ್ತಿದ್ದು ತನಗೇ ಅಂದುಕೊಂಡಿದ್ದಾನೆ, ಪಾಪ.

ಈ ಬೋರ್ಡಿನ ಮೂಲಪುರುಷ ಹರ್ಮನ್ ಸ್ನೆಲ್ಲೆನ್ ಎಂಬ ಡಚ್ ಕಣ್ಣಿನ ಡಾಕ್ಟರು, 1862ರಲ್ಲಿ ಮಾಡಿದ್ದು. 6 ಮೀಟರ್ ದೂರದಿಂದ ಸುಮಾರು 9 ಮಿಲಿಮೀಟರ್ ಎತ್ತರದ ಅಕ್ಷರ ಗುರುತು ಸಿಕ್ಕಿದರೆ ನಿಮ್ಮ ಕಣ್ಣು 6/6. ಅರ್ಥ ಆಯ್ತಾ ಅಂತ ಅವರು ಕೇಳುವುದೇ ಇಲ್ಲ.

ಮನೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಅಳಿಯ ಬಂದಿದ್ದ. ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕ. "ಓದಲಿಕ್ಕೆ ಎಷ್ಟು ಸುಲಭ ಅಂತ ಅಳೆಯಲಿಕ್ಕೂ ಲೆಕ್ಕ ಉಂಟು ಮಾವ" ಅಂದ. 1948ರಲ್ಲಿ ರುಡಾಲ್ಫ್ ಫ್ಲೆಶ್ ಎಂಬವರು ಇಂಗ್ಲಿಷಿಗೆ ಮಾಡಿದ ಸೂತ್ರವಂತೆ. ವಾಕ್ಯಕ್ಕೆ ಎಷ್ಟು ಪದ, ಪದದಲ್ಲಿ ಎಷ್ಟು ಉಚ್ಚಾರದ ತುಂಡು ಅಂತ ಎಣಿಸಬೇಕು. 60ರ ಮೇಲೆ ಬಂದರೆ ಸುಲಭ. 30ರಿಂದ 50 ಅಂದರೆ ಕಾಲೇಜಿನವರಿಗೆ.

ಸುಮ್ನೆ ಕೂರಲಾರದೆ "ಮಳೆ ಬಂತು" ಅಂತ ಕೊಟ್ಟೆ. 35 ಬಂತು. ಕಾಲೇಜು! ಒಂದನೇ ಕ್ಲಾಸಿನ ಮಕ್ಕಳಿಗೆ ನಾನು ಇಷ್ಟು ವರ್ಷ ಏನು ಕಲಿಸಿದೆನೋ. ಆಮೇಲೆ "ಹೋಗಬೇಕಾಗಿದ್ದಿದ್ದರಿಂದ" ಅಂತ ಒಂದೇ ಪದ ಕೊಟ್ಟೆ. ಮೈನಸ್ 555. ನಮ್ಮ ಮನೆ ಕೆಲಸದ ಅಕ್ಕ ದಿನಾ ತಡವಾಗಿ ಬಂದು ಹೇಳುವ ಪದ ಅದು. ಯಾರಿಗೂ ಅರ್ಥವಾಗದೆ ಹೋದದ್ದಿಲ್ಲ. ಬೇರೆ ಭಾಷೆಯ ಅಂಗಿ ಹಾಕಿದರೆ ಹೀಗೇ ಅಲ್ವಾ, ತೋಳು ಮೊಣಕಾಲಿಗೆ ಬರುತ್ತದೆ.

"ಮತ್ತೆ ನಿಮ್ಮ ಆಫೀಸಿನಲ್ಲಿ ಯಾವ ಲೆಕ್ಕ?"

"ಬರೆದವನು ಕೆಲಸ ಬಿಟ್ಟು ಹೋದ ಮೇಲೆ ಇನ್ನೊಬ್ಬನಿಗೆ ಕೋಡು ತಿಳಿಯಬೇಕು, ಅಷ್ಟೇ. ಕಂಪ್ಯೂಟರಿಗೆ ಹೇಗಿದ್ದರೂ ಆಗ್ತದೆ. ಮನುಷ್ಯನಿಗೇ ಕಷ್ಟ."

ಆಗ ನೆನಪಾಯಿತು ಅಜ್ಜಿಯ ಉಪ್ಪಿನಕಾಯಿ ಪುಸ್ತಕ. ಅಟ್ಟದಿಂದ ಇಳಿಸಿ ತೋರಿಸಿದೆ. ಅಕ್ಷರ ಮುತ್ತು ಪೋಣಿಸಿದ ಹಾಗೆ. "ಮಿಡಿ ನೂರು. ಉಪ್ಪು ಆ ಕುಡ್ತೆಯಲ್ಲಿ ಮೂರು. ಮೆಣಸು ಕಳೆದ ಸಲದಷ್ಟೇ. ಸಾಸಿವೆ ಅವಳಿಗೆ ಗೊತ್ತುಂಟು."

ಅಳಿಯ ಎರಡು ಸಲ ಓದಿದ. "ಮಾವ, ಇದನ್ನು ಬರೆದವರೇ ನಮ್ಮ ಆಫೀಸಿನಲ್ಲೂ ಇದ್ದರಾ ಅಂತ."

ಹೊಸ ಕನ್ನಡಕ ನಿನ್ನೆ ಬಂತು. ಹಾಕಿಕೊಂಡು ಮೊದಲು ಆ ಪುಟವನ್ನೇ ತೆಗೆದೆ. 'ಆ' ಅಕ್ಷರದ ಬಾಲ ಸಹ ಚೂಪಾಗಿ ಕಾಣುತ್ತದೆ. ಅಡುಗೆಮನೆಯಲ್ಲಿ ಕುಡ್ತೆ ನಾಲ್ಕು ಉಂಟು, ನಾಲ್ಕು ಗಾತ್ರದ್ದು. ಹೆಂಡತಿ ಮಿಡಿ ತೊಳೆದು ಒರೆಸಿಟ್ಟು ಕಾಯುತ್ತಿದ್ದಾಳೆ.